ಹನ್ನೆರಡು ಗೌರವ ಪ್ರತಿ

ಸೆಪ್ಟೆಂಬರ್ 8, ಸೋಮವಾರ

ಇವತ್ತು ಐನೂರು ಪುಸ್ತಕ ಆಟೋದಲ್ಲಿ ಮನೆಗೆ ಬಂದವು. ಕಟ್ಟುಗಳನ್ನು ಇಳಿಸಿಕೊಟ್ಟ ಆಟೋದವನು ಸೊಂಟ ಹಿಡಿದುಕೊಂಡು, ಇವು ಟೈಲ್ಸೇ ಎಂದು ಕೇಳಿದ. ವ್ಯಾಕರಣ ಎಂದೆ. ಅವನ ಮುಖದಲ್ಲಿ ಮೂಡಿದ ಅನುಕಂಪವೇ ನನ್ನ ಪುಸ್ತಕಕ್ಕೆ ಬಂದ ಮೊದಲ ವಿಮರ್ಶೆ ಎಂದು ಇಲ್ಲಿ ದಾಖಲಿಸಿಡುತ್ತೇನೆ.

ಪುಸ್ತಕದ ಹೆಸರು 'ಹ್ರಸ್ವ ದೀರ್ಘ'. ಸರ್ಕಾರಿ ನೌಕರಿಗಾಗಿ ಕಡ್ಡಾಯ ಕನ್ನಡ ಪತ್ರಿಕೆ ಬರೆಯುವವರಿಗೆ ಕೈಪಿಡಿ. ಪರೀಕ್ಷೆ ನವೆಂಬರ್ ಮೂವತ್ತಕ್ಕೆ. ಅಂದು ಸಂಜೆಯಿಂದ ಇದನ್ನು ಟೈಲ್ಸ್ ಎಂದು ಹೇಳಿದರೂ ಯಾರೂ ಕೊಳ್ಳುವುದಿಲ್ಲ.

ಹತ್ತೊಂಬತ್ತು ವರ್ಷ ರಾಯಚೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಇಷ್ಟು ವರ್ಷ ಉಳಿದುಕೊಂಡ ಅತಿಥಿಯನ್ನು ಬೇರೆ ಯಾವ ಮನೆಯವರೂ ಸಹಿಸುತ್ತಿರಲಿಲ್ಲ. ಆ ಮಟ್ಟಿಗೆ ಕಾಲೇಜು ಉದಾರಿ. ಈ ವರ್ಷ ನಿಯಮ ಬದಲಾಯಿತು, ನನ್ನ ಎಂ.ಎ. ಸಾಲದಾಯಿತು. ಹೋಗಿ ಎಂದು ಯಾರೂ ಹೇಳಲಿಲ್ಲ. ಅತಿಥಿಗೆ ಹಾಗೆ ಹೇಳುವುದು ನಮ್ಮ ಸಂಸ್ಕೃತಿಯಲ್ಲ. ಕರೆಯಲಿಲ್ಲ, ಅಷ್ಟೆ.

ಸಿರವಾರದ ಖಾಸಗಿ ಶಾಲೆಯವರು ಹಾಸ್ಟೆಲಿನ ವಾರ್ಡನ್ ಆಗಿ ಬನ್ನಿ ಎಂದಿದ್ದಾರೆ. ದೀಪಾವಳಿಯೊಳಗೆ ಉತ್ತರ ಹೇಳಬೇಕು. ಪುಸ್ತಕ ನಡೆದರೆ ನಾನು ಕನ್ನಡ ಮೇಡಂ ಆಗಿ ಉಳಿಯುತ್ತೇನೆ. ನಡೆಯದಿದ್ದರೆ ಹುಡುಗಿಯರ ಹಾಸಿಗೆ, ಬಕೀಟು ಎಣಿಸಿಕೊಂಡಿರುತ್ತೇನೆ. ನಲವತ್ತೆಂಟನೆಯ ವಯಸ್ಸಿಗೆ ಇಷ್ಟು ಸ್ಪಷ್ಟವಾದ ಆಯ್ಕೆ ಸಿಗುವುದು ಪುಣ್ಯ.

ಸಂಜೆ ಕಾವ್ಯಾ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಮೊಬೈಲಿನಲ್ಲಿ ಸೀರೆ ಮಾರುವವರಿಗೆ ಪ್ರಚಾರ ಮಾಡಿಕೊಡುತ್ತಾಳೆ. ಪುಸ್ತಕ ಮಾರಲು 'ಅಫಿಲಿಯೇಟ್'ಗಳು ಬೇಕಂತೆ. ಅವರು ತಮ್ಮ ಚಾನೆಲ್ಲಿನಲ್ಲಿ ಪುಸ್ತಕವನ್ನು ಹೊಗಳಿ ಕೆಳಗೆ ಒಂದು ಲಿಂಕ್ ಹಾಕುತ್ತಾರೆ. ಆ ಲಿಂಕ್ ಒತ್ತಿ ಯಾರಾದರೂ ಕೊಂಡರೆ ಅವರಿಗೆ ಪಾಲು. ದಲಾಲಿ ಅನ್ನು ಎಂದೆ. ಕಾವ್ಯಾಳಿಗೆ ನೋವಾಯಿತು. ನೋವಿನಲ್ಲೇ ಇನ್ನೊಂದು ಮಾತು ಹೇಳಿದಳು: ಹೊಗಳಬೇಕಾದರೆ ಮೊದಲು ಅವರಿಗೆ ಪುಸ್ತಕವನ್ನು ಪುಕ್ಕಟೆ ಕೊಡಬೇಕು. ಅವಳ ಪಟ್ಟಿಯಲ್ಲಿ ಇಪ್ಪತ್ತೈದು ಹೆಸರಿವೆ.

ಸೆಪ್ಟೆಂಬರ್ 11, ಗುರುವಾರ

ಕನ್ನಡದಲ್ಲಿ ಪುಕ್ಕಟೆ ಪುಸ್ತಕಕ್ಕೆ 'ಗೌರವ ಪ್ರತಿ' ಎನ್ನುತ್ತಾರೆ. ಬೇರೆ ಯಾವ ಪುಕ್ಕಟೆ ವಸ್ತುವಿಗೂ ಈ ಭಾಗ್ಯವಿಲ್ಲ. ತರಕಾರಿಯವಳು ಕೊನೆಗೆ ಚೀಲಕ್ಕೆ ತುರುಕುವ ಕರಿಬೇವನ್ನು ಯಾರೂ ಗೌರವ ಕರಿಬೇವು ಎನ್ನುವುದಿಲ್ಲ. ಆದರೂ ಕರಿಬೇವು ಒಗ್ಗರಣೆಗೆ ಬೀಳುತ್ತದೆ. ಗೌರವ ಪ್ರತಿ ಕಪಾಟಿಗೆ ಬೀಳುತ್ತದೆ.

ನನ್ನ ಕಪಾಟಿನಲ್ಲೂ ಎರಡು ಸಾಲು ಇವೆ. ಜಿಲ್ಲೆಯ ಕವಿಗಳು ಸಭೆ ಮುಗಿದು ಚಪ್ಪಲಿ ಹುಡುಕುವ ಹೊತ್ತಿಗೆ ಸರಿಯಾಗಿ ಬಂದು, ಕೈಯಲ್ಲಿ ಸಂಕಲನ ಇಟ್ಟು, ಓದಿ ಅಭಿಪ್ರಾಯ ತಿಳಿಸಿ ಎನ್ನುತ್ತಾರೆ. ಅವುಗಳ ಗೌರವಕ್ಕೆ ನಾನು ಕುಂದು ತಂದವಳಲ್ಲ. ವರ್ಷಕ್ಕೊಮ್ಮೆ ಧೂಳು ಹೊಡೆಯುತ್ತೇನೆ. ಮೂರು ವರ್ಷದ ಹಿಂದೆ ಮನೆ ಬದಲಿಸಿದಾಗ ಒಂದು ಚೀಲದಷ್ಟು ರದ್ದಿಗೆ ಹೋದವು. ನಾನು ದಿನವೂ ಬೆಳಿಗ್ಗೆ ಕವಿತೆ ಓದುವವಳು, ಆದರೆ ಒಳ್ಳೆಯ ಕವಿತೆ ಮಾತ್ರ. ಓದದೆ ಒಳ್ಳೆಯದೋ ಅಲ್ಲವೋ ಹೇಗೆ ಗೊತ್ತಾಗುತ್ತದೆ ಎಂದು ಕಾವ್ಯಾ ಒಮ್ಮೆ ಕೇಳಿದ್ದಳು. ಮುಖಪುಟ ನೋಡಿದರೆ ಸಾಕು ಎಂದಿದ್ದೆ.

ತೀರ್ಮಾನ: ಒಂದು ಪ್ರತಿಯನ್ನೂ ಪುಕ್ಕಟೆ ಕೊಡುವುದಿಲ್ಲ. ಬೇಕಾದವರು ಕೊಂಡು ಓದಲಿ.

ಸೆಪ್ಟೆಂಬರ್ 14, ಭಾನುವಾರ

ನನ್ನ ತೀರ್ಮಾನ ಕೇಳಿಸಿಕೊಳ್ಳದ ಕಾವ್ಯಾ ಇಪ್ಪತ್ತೈದು ಮಂದಿಗೂ ಸಂದೇಶ ಕಳಿಸಿದ್ದಾಳೆ. ಉತ್ತರಗಳು ಬರುತ್ತಿವೆ. ಒಬ್ಬರಿಗೆ ಎರಡು ಪ್ರತಿ ಬೇಕು, ಎರಡನೆಯದು ಹೆಂಡತಿಯ ತಮ್ಮನಿಗೆ. ಒಬ್ಬರಿಗೆ ಪುಸ್ತಕ ಬೇಡ, ಪಿಡಿಎಫ್ ಸಾಕು, 'ಗ್ರೂಪಿನಲ್ಲಿ ಹಾಕಿದರೆ ಎಲ್ಲರಿಗೂ ಅನುಕೂಲ'. ಇನ್ನೊಬ್ಬರು ಕೇಳಿದ್ದು ಮಾತ್ರ ನೇರವಾಗಿತ್ತು: 'ಮೇಡಂ, ಓದಿ ಹೇಳಬೇಕೇನ್ರಿ, ಹಂಗ ಹೇಳಬೇಕೇನ್ರಿ?' ಇಪ್ಪತ್ತೈದು ಜನರಲ್ಲಿ ಓದುವ ಸಾಧ್ಯತೆಯನ್ನು ಪ್ರಸ್ತಾಪಿಸಿದವನು ಇವನೊಬ್ಬನೇ. ಇವನ ಹೆಸರಿನ ಮುಂದೆ ಚುಕ್ಕೆ ಹಾಕಿಕೊಂಡಿದ್ದೇನೆ.

ಮಾನ್ವಿಯ ಕೊಟ್ರೇಶನಿಗೆ ನಲವತ್ತು ಸಾವಿರ ಅನುಯಾಯಿಗಳಿದ್ದಾರೆ. ಬಸವಣ್ಣನವರಿಗೂ ಬದುಕಿದ್ದಾಗ ಇಷ್ಟು ಜನ ಇದ್ದರೋ ಇಲ್ಲವೋ. ಅವನ ಅಭಿಪ್ರಾಯ ಆಗಲೇ ತಯಾರಿದೆಯಂತೆ, ಪುಸ್ತಕದ ಹೆಸರೊಂದು ತುಂಬುವುದು ಬಾಕಿ.

ಸೆಪ್ಟೆಂಬರ್ 17, ಬುಧವಾರ

ಅವ್ವನ ಮುಂದೆ ಇದನ್ನೆಲ್ಲ ಹೇಳಿ ತಪ್ಪು ಮಾಡಿದೆ. ಅವ್ವ, ಅಂದರೆ ಬಸ್ಸಮ್ಮ, ಗಂಜಿನಲ್ಲಿ ಇಪ್ಪತ್ತಾರು ವರ್ಷ ಕಸ ಹೊಡೆದವಳು. ದವಸ ಹರಾಜಾಗುವ ಆ ಮಾರುಕಟ್ಟೆಯ ನೆಲ ಗುಡಿಸಿಯೇ ನನ್ನನ್ನು ಎಂ.ಎ. ಮಾಡಿಸಿದಳು. ಓದಲು ಬರುವುದಿಲ್ಲ. ವ್ಯಾಪಾರ ಗೊತ್ತು.

"ನಮೂನಿ ಕೊಡದ ಚೀಲ ಯಾರ್ ಕೊಂಡಾರ ಬೇ?" ಎಂದಳು. "ಸಾವ್ಕಾರ ಬರ್ತಾನ. ಚೀಲಕ್ಕ ಕೈ ಹಾಕ್ತಾನ, ಒಂದ್ ಬೊಗಸಿ ತಗೀತಾನ, ಮೂಸ್ತಾನ, ಎರಡ್ ಕಾಳ ಹಲ್ಲಾಗ ಕಡೀತಾನ. ಉಳದದ್ದು ನೆಲಕ್ಕ ಒಗದು ಮುಂದ ಹೋಗ್ತಾನ. ಅಂವ ಒಗದಾನಂತ ರೈತ ಸಿಟ್ಟಾದ್ರ ಚೀಲ ಹೊತ್ಕೊಂಡು ಮನಿಗೆ ಹೋಗಬೇಕಾಗ್ತದ."

ಹಾಗೆ ನೆಲಕ್ಕೆ ಬಿದ್ದದ್ದು ಏನಾಗುತ್ತಿತ್ತು ಎಂದು ಕೇಳಿದೆ, ಗೊತ್ತಿದ್ದೂ.

"ನಾವ್ ಗೂಡಿಸಿಕೋತಿದ್ವಿ. ಅದನ್ನ ತಿಂದು ನೀ ವ್ಯಾಕರಣ ಕಲ್ತಿ."

ತೀರ್ಮಾನ ತಿದ್ದಿದ್ದೇನೆ. ಇಪ್ಪತ್ತೈದಕ್ಕಲ್ಲ, ಹನ್ನೆರಡು ಜನಕ್ಕೆ. ಅವರು ಮೂಸಲಿ, ಕಡಿಯಲಿ. ಆದರೆ ಮಾರಿಕೊಳ್ಳದಂತೆ ಪ್ರತಿಯೊಂದಕ್ಕೂ 'ಗೌರವ ಪ್ರತಿ' ಎಂಬ ಮುದ್ರೆ ಬೀಳಬೇಕು.

ಸಂಜೆಯೇ ತೀನ್ ಕಂದೀಲ್ ಹತ್ತಿರದ ಹಫೀಜ್ ಅವರ ಪ್ರೆಸ್ಸಿಗೆ ಹೋದೆ. ಪುಸ್ತಕ ಅಚ್ಚು ಹಾಕಿದವರೂ ಅವರೇ, ರಬ್ಬರ್ ಸ್ಟಾಂಪ್ ಮಾಡುವವರೂ ಅವರೇ. ಅಂಗಡಿಯ ಮುಂದಿನ ಕಪಾಟಿನಲ್ಲಿ ನನ್ನ ಇಪ್ಪತ್ತು ಪ್ರತಿ ಮಾರಾಟಕ್ಕೆ ಇಟ್ಟುಕೊಂಡಿದ್ದಾರೆ. ಗಿರಾಕಿಗಳ ಗದ್ದಲದಲ್ಲಿ ಚೀಟಿ ಬರೆದುಕೊಟ್ಟೆ. ಅವರು ಕನ್ನಡಕ ಏರಿಸಿ ಚೀಟಿ ನೋಡಿ, ಅಕ್ಷರ ಸರಿ ಇವೆಯೇ ಎಂದು ಏನೋ ಕೇಳಲು ಬಂದರು. ಹತ್ತೊಂಬತ್ತು ವರ್ಷ ಕನ್ನಡ ಕಲಿಸಿದವಳಿಗೆ ಅಕ್ಷರ ಹೇಳಿಕೊಡುವ ಅಗತ್ಯವಿಲ್ಲ ಎಂದು ನಯವಾಗಿಯೇ ಹೇಳಿದೆ. ಚೀಟಿಯನ್ನು ಗೋಡೆಯ ತಂತಿಗೆ ಚುಚ್ಚಿದರು. ಎಲ್ಲರಿಗೂ ಕನ್ನಡ ತಿದ್ದುವ ಚಪಲ.

ಸೆಪ್ಟೆಂಬರ್ 20, ಶನಿವಾರ

ಸ್ಟಾಂಪ್ ಬಂತು. ನೇರಳೆ ಶಾಯಿ. ಮುದ್ರೆ ಸುತ್ತುವರಿದ ಅಂಚಿನೊಂದಿಗೆ, ಒತ್ತೊತ್ತಾದ ಪುಟ್ಟ ಅಕ್ಷರಗಳಲ್ಲಿ, ತಹಸೀಲ್ದಾರ್ ಕಚೇರಿಯ ಗಾಂಭೀರ್ಯದಿಂದ ಇದೆ. ಕನ್ನಡಕ ಅಡುಗೆಮನೆಯಲ್ಲಿತ್ತು, ಅದಿಲ್ಲದೆಯೇ ಹನ್ನೆರಡಕ್ಕೂ ನಾನೇ ಒತ್ತಿದೆ. ಅಧಿಕಾರ ಚಲಾಯಿಸುವ ಸುಖ ಇಷ್ಟು ಅಗ್ಗಕ್ಕೆ ಸಿಗುತ್ತದೆಂದು ಗೊತ್ತಿರಲಿಲ್ಲ.

ಮಾನ್ವಿಯ ಕಟ್ಟು, ದೇವದುರ್ಗದ ಕಟ್ಟು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೋದವು. ಉಳಿದವು ಅಂಚೆಯಲ್ಲಿ. ದೇವದುರ್ಗದ್ದು ಒಂದೇ ಪ್ರತಿ, ಬೂದೆಪ್ಪ ಎಂಬುವರಿಗೆ. ಈತ ತಗಡಿನ ಶೆಡ್ಡಿನಲ್ಲಿ ಪರೀಕ್ಷೆಗೆ ತರಬೇತಿ ಕೊಡುತ್ತಾರಂತೆ. ಚಾನೆಲ್ ಇಲ್ಲ, ಲಿಂಕ್ ಇಲ್ಲ, ಆದರೆ ಇವರು ಹೇಳಿದ ಪುಸ್ತಕವನ್ನೇ ಹುಡುಗರು ಓದುತ್ತಾರೆ ಎಂದು ಕಾವ್ಯಾ ಹೇಳಿದಳು. ಹೆಸರು ಎಲ್ಲೋ ಕೇಳಿದ ಹಾಗಿದೆ. ದೇವದುರ್ಗದಲ್ಲಿ ಮನೆಗೊಬ್ಬ ಬೂದೆಪ್ಪ ಇರುತ್ತಾನೆ.

ಸೆಪ್ಟೆಂಬರ್ 25, ಗುರುವಾರ

ದೇವದುರ್ಗದ ಕಟ್ಟು ಅದೇ ಕಂಡಕ್ಟರ್ ಕೈಯಲ್ಲಿ ವಾಪಸ್ ಬಂತು. ಬಿಚ್ಚಿಲ್ಲ. ಮೇಲೆ ಒಂದು ಚೀಟಿ: 'ಪುಕ್ಕಟೆ ಪ್ರತಿ ಬೇಡ. ಕ್ಷಮಿಸಿ. ಬೂದೆಪ್ಪ.' ಅಹಂಕಾರದಲ್ಲೂ ಪೂರ್ಣವಿರಾಮಗಳು ಸರಿಯಾದ ಜಾಗದಲ್ಲಿವೆ. ಚೀಟಿ ಹರಿದು ಹಾಕಿದೆ. ತಗಡಿನ ಶೆಡ್ಡಿನಲ್ಲಿ ಕೂತು ನನ್ನ ಪುಸ್ತಕ ಬೇಡ ಎನ್ನುವುದಕ್ಕೂ ಒಂದು ಎತ್ತರ ಬೇಕು.

ಉಳಿದ ಹನ್ನೊಂದು ಜನರಿಂದ ಸುದ್ದಿಯಿಲ್ಲ. ಮಾರಾಟವೂ ಇಲ್ಲ. ಸಿರವಾರದವರು ಫೋನ್ ಮಾಡಿ, ವಾರ್ಡನ್‌ಗೆ ಊಟ ಮೆಸ್ಸಿನಲ್ಲೇ ಎಂದು ವಿಶೇಷವಾಗಿ ತಿಳಿಸಿದರು.

ಅಕ್ಟೋಬರ್ 2, ಗುರುವಾರ

ಬನ್ನಿ ಹಬ್ಬ. ಓಣಿಯವರೆಲ್ಲ ಬಂದು ಎಲೆ ಕೊಟ್ಟು, ಬಂಗಾರದಂಗ ಇರೋಣ ಎಂದು ಹೋದರು. ಯಾರೂ ಅಭಿಪ್ರಾಯ ಕೇಳಲಿಲ್ಲ.

ಅಕ್ಟೋಬರ್ 5, ಭಾನುವಾರ

ಕೊಟ್ರೇಶನ ವಿಡಿಯೊ ಬಂದಿದೆ. ಕಾವ್ಯಾ ತೋರಿಸಲು ಒಪ್ಪಲಿಲ್ಲ, ಹಾಗಾಗಿ ನೋಡಲೇಬೇಕಾಯಿತು.

ಪುಸ್ತಕದ ಬಗ್ಗೆ ಮಾತಾಡಿದ್ದು ಒಂಬತ್ತು ಸೆಕೆಂಡು. ಆಮೇಲೆ ಮೊದಲ ಪುಟ ತೆರೆದು ನನ್ನ ಮುದ್ರೆಯನ್ನು ಕ್ಯಾಮೆರಾಕ್ಕೆ ಹಿಡಿದ.

"ನೋಡ್ರಿ ಗೆಳೆಯರೇ. ಪುಸ್ತಕದ ಹೆಸರು ಹ್ರಸ್ವ ದೀರ್ಘ. ರಾಯಚೂರಿನ ಕನ್ನಡ ಮೇಡಂ ನನಗ ಗೌರವ ಪ್ರತಿ ಕಳಿಸ್ಯಾರ ಅನ್ಕೊಂಡಿದ್ದೆ. ಇಲ್ಲಿ ನೋಡಿದ್ರ ಗೌರವ ಪ್ರೀತಿ ಕಳಿಸ್ಯಾರ. ದೀರ್ಘ ಹಾಕಿ ಕಳಿಸ್ಯಾರ್ರೀ. ನನಗ ಮದುವಿ ಆಗೇದ್ರಿ ಮೇಡಂ."

ಒಂದೂವರೆ ಲಕ್ಷ ಜನ ನೋಡಿದ್ದಾರೆ. ಕೆಳಗೆ ಲಿಂಕ್ ಇದೆ. ಬೇರೆಯವರ ಪುಸ್ತಕದ್ದು.

ಅಕ್ಟೋಬರ್ 6, ಸೋಮವಾರ

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ, ಒಳ್ಳೆಯ ವಾಕ್ಯಗಳು. ಅರ್ಧ ಹೇಳುವಷ್ಟರಲ್ಲಿ ಹಫೀಜ್ ಕೈ ಎತ್ತಿ, ಗೋಡೆಯ ತಂತಿಗೆ ಚುಚ್ಚಿಟ್ಟಿದ್ದ ಚೀಟಿಗಳಲ್ಲಿ ಹುಡುಕಿ ಒಂದನ್ನು ತೆಗೆದು ನನ್ನ ಮುಂದಿಟ್ಟರು.

ನನ್ನ ಅಕ್ಷರ. ಗೌರವ ಪ್ರೀತಿ. ಗುಡಿಸಿನ ಮುಂದಿನ ದೀರ್ಘ ನನ್ನ ಕೈಯಿಂದಲೇ, ದುಂಡಗೆ, ಅನುಮಾನಕ್ಕೆ ಎಡೆಯಿಲ್ಲದಂತೆ ಬಿದ್ದಿತ್ತು.

"ನಾ ಕೇಳಿದ್ನಿ ಮೇಡಂ," ಎಂದರು. "ಇದು ಬರಾಬರ್ ಅದ ಏನ್ರೀ ಅಂತ. ನೀವು ಹತ್ತೊಂಬತ್ತು ವರ್ಷ ಅಂದ್ರಿ. ಹತ್ತೊಂಬತ್ತು ವರ್ಷದ ಮುಂದ ನಾ ಏನ್ ಮಾತಾಡ್ಲಿ?"

ಚಹಾ ತರಿಸಿದರು. ಕುಡಿದೆ. ಹಳೆಯ ಸ್ಟಾಂಪ್ ಕೊಡಿ, ರಬ್ಬರ್ ಕಿತ್ತು ಬೇರೆ ಮಾಡಿಕೊಡುತ್ತೇನೆ, ಖರ್ಚು ಬೇಡ ಎಂದರು. ಆಮೇಲೆ ನೋಡೋಣ ಎಂದೆ. ಕಪಾಟಿನಲ್ಲಿದ್ದ ಇಪ್ಪತ್ತರಲ್ಲಿ ಒಂಬತ್ತು ಉಳಿದಿದ್ದವು. ಉಳಿದವನ್ನು ಕೊಂಡ ಪುಣ್ಯಾತ್ಮರು ಯಾರೆಂದು ಕೇಳುವ ಉತ್ಸಾಹ ಇರಲಿಲ್ಲ.

ಅಕ್ಟೋಬರ್ 8, ಬುಧವಾರ

ಬೆಳಿಗ್ಗೆ ಕವಿತೆ ಓದಲಿಲ್ಲ.

ಅಕ್ಟೋಬರ್ 10, ಶುಕ್ರವಾರ

ಹನ್ನೆರಡು ಪ್ರತಿಯ ಲೆಕ್ಕ ಹೀಗಿದೆ: ಒಂದು ವಾಪಸ್, ಒಂದು ವಿಡಿಯೊ, ಹತ್ತು ಮೌನ. ಆ ಹತ್ತರಲ್ಲಿ ಚುಕ್ಕೆ ಹಾಕಿಕೊಂಡಿದ್ದವನು ಮಾತ್ರ ಇವತ್ತು ಸಂದೇಶ ಕಳಿಸಿದ್ದಾನೆ: 'ಮೇಡಂ, ಓದಿಲ್ಲ, ಸುಳ್ಳು ಹೇಳಾಂಗಿಲ್ಲ.' ಈ ಜಿಲ್ಲೆಯಲ್ಲಿ ಸತ್ಯ ಸತ್ತಿಲ್ಲ, ಓದಿಲ್ಲ, ಅಷ್ಟೆ.

ದೇವದುರ್ಗಕ್ಕೆ ಹೋಗಿ ಬನ್ನಿ ಎಂದು ಕಾವ್ಯಾ ಹೇಳಿದಳು. ಒಮ್ಮೆ ಬೇಡ ಎಂದವರ ಬಾಗಿಲಿಗೆ ಹೋಗುವವಳು ನಾನಲ್ಲ ಎಂದೆ. ಅವ್ವ ಒಳಗಿನಿಂದಲೇ, ಸಿರವಾರಕ್ಕ ಹೋಗಾಕ ತಯಾರದೀ, ದೇವದುರ್ಗ ದೂರ ಆಯ್ತೇನು ಎಂದಳು.

ಅಕ್ಟೋಬರ್ 12, ಭಾನುವಾರ

ಹೋಗಿ ಬಂದೆ. ಇದ್ದದ್ದು ಇದ್ದ ಹಾಗೆ ಬರೆದಿಡಬೇಕು.

ಗಬ್ಬೂರು ದಾಟುವವರೆಗೆ ಬಸ್ಸಿನಲ್ಲಿ ನಿಂತೇ ಇದ್ದೆ. ಕೈಚೀಲದಲ್ಲಿ ಆ ವಾಪಸ್ ಬಂದ ಪ್ರತಿ, ಮುದ್ರೆಯಿದ್ದ ಪುಟ ಕಿತ್ತು ತೆಗೆದದ್ದು. ದೇವದುರ್ಗದಲ್ಲಿ ಶೆಡ್ಡು ಯಾರನ್ನು ಕೇಳಿದರೂ ತೋರಿಸಿದರು. ಒಳಗೆ ಜಮಖಾನೆಯ ಮೇಲೆ ಮೂವತ್ತಕ್ಕೂ ಹೆಚ್ಚು ಹುಡುಗರು, ಹುಡುಗಿಯರು. ಮೂವರಿಗೊಂದರಂತೆ ಅವರ ಮುಂದೆ ತೆರೆದಿದ್ದ ಪುಸ್ತಕ 'ಹ್ರಸ್ವ ದೀರ್ಘ'.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಲವತ್ತರ ಆಸುಪಾಸಿನ, ತೋಳು ಮಡಿಸಿದ ಅಂಗಿಯ ಮನುಷ್ಯ ಎದ್ದು ಬಂದು, ನನ್ನ ಹೆಸರು ಹೇಳುವ ಮೊದಲೇ, "ಬರ್ರಿ ಉಮಾದೇವಿ ಮೇಡಂ, ಕುಂದರ್ರಿ," ಎಂದರು. ಬೂದೆಪ್ಪ. ಹಫೀಜ್ ಅಂಗಡಿಯ ಕಪಾಟಿನಿಂದ ಹೋಗಿದ್ದ ಹನ್ನೊಂದೂ ಇಲ್ಲಿದ್ದವು. ಸೆಪ್ಟೆಂಬರ್ ತಿಂಗಳಿಂದಲೇ ಪಾಠ ನಡೆದಿದೆ. ಲಿಂಕ್ ಒತ್ತದೆ, ಪಾಲು ಕೇಳದೆ, ನನಗೊಂದು ಮಾತೂ ತಿಳಿಸದೆ.

ಒಬ್ಬ ಹುಡುಗಿಯ ಪುಸ್ತಕ ತೆಗೆದುಕೊಂಡು ನೋಡಿದೆ. ಅರವತ್ತಮೂರನೆಯ ಪುಟದಲ್ಲಿ 'ಸರಿ' ಎಂಬ ಶೀರ್ಷಿಕೆ ಹೊಡೆದುಹಾಕಿ 'ತಪ್ಪು' ಎಂದೂ, 'ತಪ್ಪು' ಎಂಬುದನ್ನು 'ಸರಿ' ಎಂದೂ ಪೆನ್ನಿನಲ್ಲಿ ಬರೆದಿತ್ತು. ಎರಡು ಪಟ್ಟಿಗಳು ಅದಲುಬದಲಾಗಿ ಅಚ್ಚಾಗಿದ್ದವು. ಕರಡು ತಿದ್ದಿದವಳು ನಾನೇ.

"ಇಪ್ಪತ್ತೆರಡು ಶಬ್ದ ಅದಾವ್ರಿ," ಎಂದರು ಬೂದೆಪ್ಪ. "ಹನ್ನೊಂದು ಪುಸ್ತಕಕ್ಕೂ ತಿದ್ದಿಸೀನಿ. ಉಳದದ್ದೆಲ್ಲಾ ಚಲೋ ಬರದೀರಿ. ಸಂಧಿ ಇಷ್ಟ್ ಸರಳ ಯಾರೂ ಹೇಳಿದ್ದಿಲ್ಲ."

ಓದಿದ ಮನುಷ್ಯನ ಮಾತು ಹೇಗಿರುತ್ತದೆಂದು ಮರೆತೇ ಹೋಗಿತ್ತು. ಧನ್ಯವಾದ ಹೇಳುವ ಬದಲು, ಹಾಗಿದ್ದರೆ ನಾನು ಕಳಿಸಿದ್ದನ್ನು ಯಾಕೆ ತಿರುಗಿಸಿದಿರಿ ಎಂದು ಜಗಳದ ದನಿಯಲ್ಲಿ ಕೇಳಿದೆ. ಅವರು ಮೂಲೆಯ ಟ್ರಂಕು ತೆರೆದು, ತೆಳುವಾದ ಒಂದು ಪುಸ್ತಕ ತಂದು ನನ್ನ ಕೈಯಲ್ಲಿಟ್ಟರು.

"ಇದು ನಿಮ್ಮದ್ರಿ."

'ಚೀಲದ ಹೊಲಿಗೆ. ಕವಿತೆಗಳು. ಬೂದೆಪ್ಪ.' ಒಳಗೆ ನೀಲಿ ಶಾಯಿಯಲ್ಲಿ: 'ಉಮಾದೇವಿ ಮೇಡಂ ಅವರಿಗೆ, ಗೌರವದಿಂದ. ಮಾನ್ವಿ, 2014.' ಹಿಂದಿನ ಹೊದಿಕೆ ಇರಲಿಲ್ಲ. ಎಣ್ಣೆಯ ಕಲೆ ಇತ್ತು.

ಮಾನ್ವಿಯ ಒಂದು ಸಭೆ ನೆನಪಾಯಿತು, ಚಪ್ಪಲಿಗಳ ರಾಶಿ ನೆನಪಾಯಿತು. ಕೊಟ್ಟವರ ಮುಖ ನೆನಪಾಗಲಿಲ್ಲ.

"ಇಲ್ಲೇ ಬಸ್‌ಸ್ಟ್ಯಾಂಡ್ ಮುಂದ ಮಿರ್ಚಿ ಭಜಿ ಅಂಗಡ್ಯಾಗ ಸಿಕ್ತ್ರಿ, ಮೂರ್ ವರ್ಷ ಆಯ್ತು," ಎಂದರು. "ಹಿಂದಿನ ಹದಿನಾರು ಪುಟ ಮಿರ್ಚಿ ಕಟ್ಟಾಕ ಹೋಗಿದ್ವು. ಅಷ್ಟಾದರೂ ಜನರ ಕೈಗೆ ಮುಟ್ಟ್ಯಾವಲ್ಲ ಅನ್ಕೊಂಡೆ."

ಅವರು ನಕ್ಕರು. ಹುಡುಗರು ನಗಲಿಲ್ಲ, ಸರ್ ಕವಿತೆ ಬರೆದಿದ್ದಾರೆಂಬುದೇ ಅವರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಒಂದು ಕ್ಷಮೆಯ ವಾಕ್ಯ ಹುಡುಕಿದೆ. ಬಂದ ವಾಕ್ಯ: "ಮನಿ ಬದಲಿ ಮಾಡಿದ್ವಿ."

"ನೀವು ಕೇಳಿದ್ದಿಲ್ಲ ಬಿಡ್ರಿ. ನಾನ ಕೈಯಾಗ ಇಟ್ಟೆ. ಕೇಳದ ಬಂದದ್ದು ಯಾರಿಗೂ ಭಾರನ. ಅದಕ್ಕ ನಾ ಈಗ ಯಾರ್ದೂ ಪುಕ್ಕಟ ತಗೊಳ್ಳಂಗಿಲ್ಲ. ಕೊಂಡ್ರ ಓದಬೇಕನಸ್ತದ. ಬಯ್ಯಾಕೂ ಹಕ್ಕ ಇರ್ತದ."

ಪುಟ ತಿರುವಿದೆ. ಇಪ್ಪತ್ತೆರಡನೆಯ ಪುಟದ ಹತ್ತಿರ ಎರಡು ಹಾಳೆಗಳು ಮೇಲಂಚಿನಲ್ಲಿ ಇನ್ನೂ ಸೇರಿಕೊಂಡಿದ್ದವು, ಅಚ್ಚಿನ ಮನೆಯಲ್ಲಿ ಕತ್ತರಿ ತಪ್ಪಿದ್ದು. ಹನ್ನೊಂದು ವರ್ಷ ಯಾರೂ ಬಿಡಿಸಿರಲಿಲ್ಲ. ನಾನು ತೆರೆದೇ ನೋಡಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನೀವಾದರೂ ಬಿಡಿಸಲಿಲ್ಲವೇ ಎಂದು ಕೇಳಿದೆ.

"ನಿಮ್ಮ ಪ್ರತಿ ಅಲ್ಲೇನ್ರಿ. ನಾ ಹೆಂಗ ಬಿಡಿಸ್ಲಿ?"

ಒಯ್ಯಬಹುದೇ ಎಂದೆ. ಒಯ್ಯಿರಿ, ಆದರೆ ಓದಿದ ಮೇಲೆ ವಾಪಸ್ ತನ್ನಿ, ನನ್ನ ಹತ್ತಿರ ಉಳಿದಿರುವುದು ಇದೊಂದೇ ಎಂದರು. ಮುಂದಿನ ಭಾನುವಾರ ಬಂದು ಅರವತ್ತಮೂರನೆಯ ಪುಟದ ಪಾಠ ನೀವೇ ಮಾಡಿ ಎಂದೂ ಕೇಳಿದರು. ತಪ್ಪಿನ ಪಾಠಕ್ಕೆ ತಪ್ಪು ಮಾಡಿದವರೇ ಬೇಕಂತೆ.

ನಾನು ಒಯ್ದಿದ್ದ ಪ್ರತಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಬಸ್ಸು ಹತ್ತಿಸಲು ಬಂದಾಗ ವಿಡಿಯೊ ನೋಡಿದಿರಾ ಎಂದು ಕೇಳಿದೆ. ಹುಡುಗರು ತೋರಿಸಿದರು ಎಂದರು. ಆಮೇಲೆ, "ದೀರ್ಘ ತಪ್ಪಲ್ರಿ ಮೇಡಂ. ಹೋದ ಜಾಗ ತಪ್ಪು," ಎಂದರು.

ಅಕ್ಟೋಬರ್ 14, ಮಂಗಳವಾರ

ಬೆಳಿಗ್ಗೆ ಬ್ಲೇಡಿನಿಂದ ಆ ಎರಡು ಹಾಳೆ ಬಿಡಿಸಿದೆ. ಒಳಗಿದ್ದದ್ದು ಶೀರ್ಷಿಕೆಯ ಕವಿತೆಯೇ. ಅಡಿಟಿಪ್ಪಣಿಯ ಪ್ರಕಾರ ಅವರಪ್ಪ ರಾಯಚೂರಿನ ಗಂಜಿನಲ್ಲಿ ಚೀಲ ಹೊಲಿಯುವ ಹಮಾಲರಾಗಿದ್ದರಂತೆ.

ಚೀಲದ ಬಾಯಿ ಹೊಲಿಯುವಾಗ ಅಪ್ಪ
ಕೊನೆಯ ಹೊಲಿಗೆ ಸಡಿಲ ಬಿಡುತ್ತಿದ್ದ;
ಒಳಗೆ ಕೂತ ಕಾಳಿಗೂ ಒಮ್ಮೆ
ಹೊರಗಿಣುಕಬೇಕೆನಿಸೀತು ಎಂದು.

ಜೋಳ ಹಸನು ಮಾಡುತ್ತಿದ್ದ ಅವ್ವ, ಜೋರ ಓದು ಎಂದಳು. ಓದಿದೆ. ಮೊರದಲ್ಲಿ ಕೈ ಆಡಿಸುವುದು ನಿಲ್ಲಿಸಿ, ಇನ್ನೊಮ್ಮೆ ಓದಿಸಿದಳು.

"ಹುಡುಗ ಸಣ್ಣಾಂವ ಇದ್ದ, ಅವನಿಗೆ ಹಂಗ ಹೇಳ್ಯಾರ," ಎಂದಳು. "ಕಾಳು ಇಣುಕಾಕ ಅಲ್ಲ. ಚಲ್ಲಲಿ ಅಂತ ಬಿಡ್ತಿದ್ರು. ಚೀಲ ಎತ್ತಿ ಲಾರಿಗೆ ಹಾಕೂ ಮುಂದ ಸಡಲಿದ್ದ ಕಡಿಂದ ಒಂದ್ ಹಿಡಿ, ಎರಡ್ ಹಿಡಿ ಉದರ್ತಿತ್ತು. ಹಿಂದ ನಾವ್ ಕಸಬರಿಗಿ ಹಿಡಕೊಂಡು ನಿಂತಿರತಿದ್ವಿ. ಸಾವ್ಕಾರಗ ಗೊತ್ತಾದ್ರ ಕೆಲಸ ಹೋಗ್ತಿತ್ತು. ಗೊತ್ತಿದ್ದ ಬಿಡ್ತಿದ್ರು ಪುಣ್ಯಾತ್ಮರು."

ಯಾರು, ಹೆಸರೇನು ಎಂದು ಕೇಳಿದೆ. ಹಮಾಲರ ಹೆಸರು ಯಾರು ಕೇಳುತ್ತಿದ್ದರು ಎಂದಳು. ಮತ್ತೆ ಜೋಳಕ್ಕೆ ಕೈ ಹಾಕಿದಳು. ಅವಳು ಏನನ್ನೂ ಕೇಳಿ ಪಡೆಯಲಿಲ್ಲ. ಕೊಟ್ಟವರೂ ಕೊಟ್ಟೆ ಎನ್ನಲಿಲ್ಲ. ನನ್ನ ಎಂ.ಎ.ಯಲ್ಲಿ ಬೂದೆಪ್ಪನವರ ಅಪ್ಪನ ಕಾಳೂ ಇರಬಹುದು. ಇಲ್ಲದೆಯೂ ಇರಬಹುದು. ವಿಮರ್ಶೆಯಲ್ಲಿ 'ಇರಬಹುದು' ಎಂದು ಬರೆಯುವಂತಿಲ್ಲ.

ಪುಸ್ತಕವನ್ನು ಮೊದಲಿಂದ ಇದ್ದಷ್ಟೂ ಓದಿದೆ. ಮೂರು ಕವಿತೆ ದುರ್ಬಲ. ನಾಲ್ಕು ಒಳ್ಳೆಯವು. ಮುಖಪುಟ ಬಹಳ ಕೆಟ್ಟದ್ದು.

ಅಕ್ಟೋಬರ್ 16, ಗುರುವಾರ

ಕಪಾಟಿನ ಎರಡು ಸಾಲಿನಿಂದ ದಿನಕ್ಕೆ ನಾಲ್ಕೈದು ತೆಗೆಯುತ್ತಿದ್ದೇನೆ. ಹೆಚ್ಚಿನವು ನಾನು ಅಂದುಕೊಂಡಷ್ಟೇ ಕೆಟ್ಟದಾಗಿವೆ ಎಂಬುದು ಸಮಾಧಾನ. ಸಿಂಧನೂರಿನ ಒಬ್ಬಾಕೆಯದು ಹಾಗಿರಲಿಲ್ಲ. ಅವರ ಫೋನ್ ನಂಬರ್ ಹಿಂದಿನ ಪುಟದಲ್ಲಿತ್ತು. ಮಾಡಿದೆ. ಒಂಬತ್ತು ವರ್ಷದ ಮೇಲೆ ಅಭಿಪ್ರಾಯ ತಿಳಿಸಿದರೆ ಜನ ಅಳುತ್ತಾರೆಂದು ಗೊತ್ತಿರಲಿಲ್ಲ.

ಹಫೀಜ್ ಅವರ ಹತ್ತಿರ ಅರವತ್ತಮೂರನೆಯ ಪುಟಕ್ಕೆ ತಿದ್ದುಪಡಿ ಚೀಟಿ ಅಚ್ಚು ಹಾಕಿಸಿದೆ. ಬರೆದುಕೊಟ್ಟದ್ದನ್ನು ಅವರು ಬೆರಳಿಟ್ಟು, ಅಕ್ಷರ ಅಕ್ಷರ ಬಿಡಿಸಿ ಓದಿದರು. ಇಪ್ಪತ್ತೆರಡು ಶಬ್ದಕ್ಕೂ ನಾನು ಹೂಂ, ಹೂಂ ಎನ್ನುತ್ತಾ ನಿಂತಿದ್ದೆ. ಎರಡು ಕಡೆ ನಿಲ್ಲಿಸಿ ನನ್ನ ಮುಖ ನೋಡಿದರು. ಒಂದು ಕಡೆ ಅವರದೇ ಸರಿ. ಚಹಾ ಚೆನ್ನಾಗಿತ್ತು.

ಅಕ್ಟೋಬರ್ 18, ಶನಿವಾರ

ಕಾವ್ಯಾಳ ಪಟ್ಟಿಯಲ್ಲಿ ಉಳಿದಿದ್ದ ಹದಿಮೂರು ಹೆಸರು ಹೊಡೆದುಹಾಕಿ, ಆ ಹದಿಮೂರು ಪ್ರತಿಯನ್ನು ಬೇರೆ ಕಟ್ಟು ಕಟ್ಟಿದ್ದೇನೆ. ನಾಳೆ ದೇವದುರ್ಗದಲ್ಲಿ ಶೆಡ್ಡಿನ ಮೂಲೆಯಲ್ಲಿ, ಜಮಖಾನೆ ಮಡಿಸಿಡುವ ಕಡೆ ಇಟ್ಟು ಬರುವುದು. ಯಾರ ಕೈಗೂ ಕೊಡುವುದಿಲ್ಲ. ಬೂದೆಪ್ಪನವರು ಪುಕ್ಕಟೆ ತೆಗೆದುಕೊಳ್ಳುವುದಿಲ್ಲ, ಸರಿ. ಮರೆತು ಬಿಟ್ಟುಹೋದದ್ದನ್ನು ಏನು ಮಾಡುತ್ತಾರೆ? ಇವಕ್ಕೆ ಲಿಂಕ್ ಯಾವುದು ಎಂದು ಕಾವ್ಯಾ ಕೇಳಿದಳು. ಗಂಜಿನ ಹಳೆಯ ತಂತ್ರ ಇದು ಎಂದೆ. ನಂಬಿದಂತೆ ಕಾಣಲಿಲ್ಲ. ಲಿಂಗಸೂಗೂರಿನ ಯಾವುದೋ ತರಬೇತಿಯವರು, ದೇವದುರ್ಗದವರು ಓದುವ ಪುಸ್ತಕ ಎಂದು ಕೇಳಿಕೊಂಡು ಹಫೀಜ್ ಹತ್ತಿರ ನಲವತ್ತು ಪ್ರತಿ ಹೇಳಿದ್ದಾರಂತೆ. ಅದನ್ನೂ ಅವಳೇ ಹೇಳಿದಳು. ಒಯ್ಯಲಿ. ತಿದ್ದುಪಡಿ ಚೀಟಿ ಇಡಲು ಮರೆಯಬಾರದು.

ಸಿರವಾರದಿಂದ ಎರಡು ಸಲ ಫೋನ್ ಬಂದಿತ್ತೆಂದು ಅವ್ವ ಹೇಳಿದಳು. ನಾಳೆ ತಿರುಗಿ ಮಾಡಬೇಕು. ನಾಳೆ ಆಗುವುದಿಲ್ಲ, ಪಾಠವಿದೆ. ನಾಡಿದ್ದು ಹಬ್ಬ.

'ಚೀಲದ ಹೊಲಿಗೆ'ಗೆ ಅಭಿಪ್ರಾಯ ಬರೆದು ಮುಗಿಸಿದೆ. ನಾಲ್ಕು ಪುಟ ಆಯಿತು. ಮೂರು ಕವಿತೆ ಯಾಕೆ ದುರ್ಬಲ ಎಂದು ಒಂದು ಪುಟ. ಆ ಹಕ್ಕು ನನಗಿಲ್ಲ, ಆದರೂ ಬರೆದೆ. ಕೊನೆಯ ಹೊಲಿಗೆಯ ಬಗ್ಗೆ ಅವ್ವ ಹೇಳಿದ್ದನ್ನು ಅವಳ ಮಾತಿನಲ್ಲೇ, ಅವಳ ಹೆಸರು ಹಾಕಿ ಬರೆದೆ. ಮಿರ್ಚಿಗೆ ಹೋದ ಹದಿನಾರು ಪುಟದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ನೆನಪಿದ್ದರೆ ನಾಳೆ ಬಾಯಲ್ಲಿ ಹೇಳಿ, ನಾನು ಕೇಳುತ್ತೇನೆ ಎಂದು ಕೊನೆಯ ಸಾಲು. ಮಡಿಸಿ ಲಕೋಟೆಗೆ ಹಾಕಿದೆ.

ಮೇಲೆ ಅವರ ಹೆಸರು ಬರೆದೆ. ಇನ್ನೂ ಏನೋ ಬೇಕೆನಿಸಿತು. ಮೇಜಿನ ಖಾನೆಯಲ್ಲಿ ಆ ಸ್ಟಾಂಪ್ ಹಾಗೇ ಇತ್ತು. ನೇರಳೆ ಶಾಯಿಗೆ ಅದ್ದಿ, ಕನ್ನಡಕ ಹಾಕಿಕೊಂಡು, ಲಕೋಟೆಯ ಮೂಲೆಗೆ ಒತ್ತಿದೆ.

ಅವ್ವ ಬಂದು ಬಗ್ಗಿ ನೋಡಿದಳು.

"ಏನ್ ಬರದದ?"

ಓದಿ ಹೇಳಿದೆ.

"ಸರಿ ಬರದದೇನು? ಮತ್ತ ಹಂಗ ಆದೀತು."

ಅಕ್ಷರ ಅಕ್ಷರ ನೋಡಿದೆ. ಹೂಂ ಯವ್ವಾ ಎಂದೆ, ಸರಿ ಅದ.